ಆರು ದೇಶ, ಒಂದು ಬಾಟಲಿ ಉಪ್ಪಿನಕಾಯಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯನ್ನು ನಾನು ಶಾರ್ಜಾದಲ್ಲಿ ಬೆಳಿಗ್ಗೆ ಐದೂವರೆಗೆ ಮೊಬೈಲಿನಲ್ಲಿ ಓದುತ್ತೇನೆ. ಆಗ ಊರಲ್ಲಿ ಏಳು ಗಂಟೆ. ಕಳೆದ ವಾರ ವಾಣಿಜ್ಯ ಪುಟದಲ್ಲಿ ಗಲ್ಫ್ ವ್ಯಾಪಾರದ ಬಗ್ಗೆ ಒಂದು ಬರಹ ಬಂದಿತ್ತು. ದುಬೈಯಲ್ಲಿ ಒಂದು ಲೈಸೆನ್ಸ್ ಮಾಡಿಸಿಕೊಂಡರೆ ಆರು ದೇಶಗಳ ಮಾರುಕಟ್ಟೆ ತೆರೆದುಕೊಳ್ಳುತ್ತದೆ ಎನ್ನುವುದು ಅದರ ಸಾರ. ಅದನ್ನು ಓದಿದ ನನ್ನ ಅಕ್ಕನ ಮಗ ಅವತ್ತೇ ಫೋನ್ ಮಾಡಿದ. "ಮಾವ, ಶಿರಸಿ ಕಡೆಯ ಅಪ್ಪೆಮಿಡಿ, ನಮ್ಮೂರಿನ ಹಲಸಿನ ಹಪ್ಪಳ, ಎರಡನ್ನೂ ಸೇರಿಸಿ ಒಂದು ಕಂಪನಿ ಮಾಡಿದ್ರೆ ಹೇಗೆ? ಆರು ದೇಶ ಅಂತೆ!" ಎಂದ. ಹುಡುಗನ ಉತ್ಸಾಹಕ್ಕೆ ತಣ್ಣೀರು ಹಾಕುವ ಮನಸ್ಸಾಗಲಿಲ್ಲ. ಹಾಗಂತ ಸುಮ್ನೆ ಹೂಂ ಅನ್ನುವುದೂ ಸರಿಯಲ್ಲ ಅಲ್ವಾ? ಅವನಿಗೆ ಎರಡು ದಿನ ಫೋನಿನಲ್ಲಿ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ. ಇಲ್ಲಿ ಎಲ್ಲರಿಗೂ ಎಲ್ಲರ ಪರಿಚಯ.

ನಾನು ಬೈಂದೂರು ಕಡೆಯವನು. 1994ರಲ್ಲಿ ಇಲ್ಲಿಗೆ ಬಂದಾಗ ಒಂದು ಸಗಟು ಅಂಗಡಿಯ ವ್ಯಾನಿನಲ್ಲಿ ಕೂತು ಬಕಾಲಾದಿಂದ ಬಕಾಲಾಕ್ಕೆ ಬಿಸ್ಕತ್ತು ಹಾಕುವ ಕೆಲಸ. ಬಕಾಲಾ ಎಂದರೆ ಇಲ್ಲಿನ ಬೀದಿ ಬದಿಯ ಕಿರಾಣಿ ಅಂಗಡಿ. 2006ರಲ್ಲಿ ಸ್ವಂತ ಲೈಸೆನ್ಸ್ ಮಾಡಿಸಿದೆ. ಕುಚ್ಚಲಕ್ಕಿ, ಕೋರಿ ರೊಟ್ಟಿ, ಹಪ್ಪಳ, ಉಪ್ಪಿನಕಾಯಿ, ಬ್ಯಾಡಗಿ ಮೆಣಸು ನನ್ನ ಮಾಲು. ಮಾಲು ದುಬೈಯ ಜಬಲ್ ಅಲಿ ಬಂದರಿಗೆ ಬರುತ್ತದೆ, ಶಾರ್ಜಾದ ಗೋಡೌನಿಗೆ ಹೋಗುತ್ತದೆ. ಅಲ್ಲಿಂದ ಒಮಾನಿನ ಮಸ್ಕತ್, ಬಹರೈನ್, ಸೌದಿಯ ದಮ್ಮಾಮ್‌ಗಳಿಗೆ. ಒಂದು ಕಾಲದಲ್ಲಿ ಕತಾರಿನ ದೋಹಾಕ್ಕೂ. ಆ ಕಥೆಯನ್ನು ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಬರಹದಲ್ಲಿ ಸರಿ ಇದ್ದದ್ದು. ಯುಎಇ, ಸೌದಿ, ಕುವೈತ್, ಕತಾರ್, ಬಹರೈನ್, ಒಮಾನ್ ಸೇರಿ 1981ರಲ್ಲಿ ಜಿಸಿಸಿ, ಅಂದರೆ ಗಲ್ಫ್ ಸಹಕಾರ ಮಂಡಳಿ, ಕಟ್ಟಿಕೊಂಡವು. 2003ರ ಜನವರಿ 1ರಿಂದ ಆರಕ್ಕೂ ಹೊರಗಿನ ಮಾಲಿನ ಮೇಲೆ ಒಂದೇ ಸುಂಕ. ಹೆಚ್ಚಿನ ಸಾಮಾನಿಗೆ ನೂರಕ್ಕೆ 5. ಅಕ್ಕಿಯಂಥವಕ್ಕೆ ಸುಂಕವೇ ಇಲ್ಲ. ಮೊದಲು ಮುಟ್ಟಿದ ಬಂದರಿನಲ್ಲಿ ಒಮ್ಮೆ ಸುಂಕ ಕಟ್ಟಿದರೆ ಉಳಿದ ಐದು ದೇಶಗಳಲ್ಲಿ ಮತ್ತೆ ಕಟ್ಟಬೇಕಾಗಿಲ್ಲ. ಇದು ಸಣ್ಣ ಸವಲತ್ತಲ್ಲ. ಜಿಎಸ್‌ಟಿ ಬರುವ ಮೊದಲು, ಅಂದರೆ 2017ರ ಜುಲೈಗಿಂತ ಹಿಂದೆ, ನಮ್ಮದೇ ದೇಶದಲ್ಲಿ ರಾಜ್ಯದ ಗಡಿ ದಾಟಲು ಲಾರಿಗಳು ಚೆಕ್‌ಪೋಸ್ಟಿನಲ್ಲಿ ಸಾಲುಗಟ್ಟುತ್ತಿದ್ದವು. ಆರು ಬೇರೆ ಬೇರೆ ರಾಜರ ನಾಡುಗಳು ಅದಕ್ಕೂ ಮೊದಲೇ ಇಷ್ಟು ಮಾಡಿಕೊಂಡಿದ್ದನ್ನು ಮೆಚ್ಚಲೇಬೇಕು.

ಆದರೆ "ಮತ್ತೆ ಕಟ್ಟಬೇಕಾಗಿಲ್ಲ" ಎನ್ನುವ ಮಾತಿನ ಹಿಂದೆ ಒಂದು ಕಾಗದ ಇದೆ. ಅದಕ್ಕೆ ಇಲ್ಲಿ ಮಕಾಸಾ ಎನ್ನುತ್ತಾರೆ. ಅರಬ್ಬಿಯಲ್ಲಿ ಲೆಕ್ಕ ತೀರಿಸಿಕೊಳ್ಳುವುದು ಎಂದು ಅರ್ಥ. ಜಬಲ್ ಅಲಿಯಲ್ಲಿ ನಾನು ಕಟ್ಟಿದ ಸುಂಕ ಯುಎಇಯ ಕೈಗೆ ಹೋಯಿತು. ಆದರೆ ಉಪ್ಪಿನಕಾಯಿ ತಿನ್ನುವವನು ಮಸ್ಕತ್‌ನಲ್ಲಿದ್ದಾನೆ. ಹಾಗಾಗಿ ಆ ದುಡ್ಡು ಒಮಾನಿಗೆ ಸೇರಬೇಕು. ಎರಡು ಸರಕಾರಗಳು ಆ ಲೆಕ್ಕವನ್ನು ತಮ್ಮೊಳಗೆ ತೀರಿಸಿಕೊಳ್ಳುತ್ತವೆ. ಅದಕ್ಕೆ ನಾನು ತೋರಿಸಬೇಕಾದ್ದು ಇಷ್ಟೇ: ಈ ಪೆಟ್ಟಿಗೆ ಯಾವ ಕಂಟೇನರಿನಲ್ಲಿ, ಯಾವ ತಾರೀಕಿಗೆ, ಸುಂಕದ ಕಚೇರಿಗೆ ಕೊಟ್ಟ ಯಾವ ಡಿಕ್ಲರೇಶನ್ನಿನ ನಂಬರಿನಲ್ಲಿ ಬಂತು.

ಇಷ್ಟೇ ಎಂದೆ. 2009ರಲ್ಲಿ ನನಗೆ ಅದು ಗೊತ್ತಿರಲಿಲ್ಲ. ಮೂರು ಕಂಟೇನರಿನ ಹಪ್ಪಳ, ಉಪ್ಪಿನಕಾಯಿ ಗೋಡೌನಿನಲ್ಲಿ ಒಂದರ ಮೇಲೊಂದು ಕಲೆತು ಕೂತಿದ್ದವು. ಜಾಗ ಸಿಕ್ಕಿದ ಕಡೆ ಇಟ್ಟದ್ದು. ಅದರಿಂದ ಆರಿಸಿ ಮಸ್ಕತ್‌ಗೆ ಮೊದಲ ದೊಡ್ಡ ಲೋಡು ಕಳಿಸಿದೆ. ಗಡಿಯಲ್ಲಿ ಪೆಟ್ಟಿಗೆ ಬಿಚ್ಚಿ ಬ್ಯಾಚ್ ನಂಬರ್ ನೋಡಿದರು. ನನ್ನ ಕಾಗದದಲ್ಲಿದ್ದ ಡಿಕ್ಲರೇಶನ್ನಿಗೂ ಅರ್ಧ ಮಾಲಿಗೂ ತಾಳೆ ಇಲ್ಲ. ಸುಂಕ ಕಟ್ಟಿದ್ದಕ್ಕೆ ಸಾಕ್ಷಿ ಇಲ್ಲ ಎಂದ ಮೇಲೆ ಮತ್ತೆ ಕಟ್ಟು ಎಂದರು. ಕಟ್ಟಿದೆ. ಟ್ರೇಲರ್ ಎರಡು ರಾತ್ರಿ ಅಲ್ಲೇ ನಿಂತಿತು, ಅದರ ಬಾಡಿಗೆ ಬೇರೆ. ತಪ್ಪು ಅವರದಲ್ಲ, ನನ್ನದೇ. ಅವತ್ತಿನಿಂದ ನನ್ನ ಗೋಡೌನಿನಲ್ಲಿ ಪ್ರತಿ ಕಂಟೇನರಿಗೂ ನೆಲದ ಮೇಲೆ ಹಳದಿ ಗೆರೆ ಎಳೆದು ಬೇರೆ ಜಾಗ. ಗೋಡೆಗೆ ಡಿಕ್ಲರೇಶನ್ ನಂಬರ್ ಅಂಟಿಸಿರುತ್ತೇನೆ. ಈಗ ಕಾಗದಪತ್ರವೆಲ್ಲ ಕಂಪ್ಯೂಟರಿಗೆ ಹೋಗಿದೆ, ಆದರೂ ಹಳದಿ ಗೆರೆ ಅಳಿಸಿಲ್ಲ.

ಇನ್ನು ಲೇಬಲ್. ನನ್ನ ಪ್ರಕಾರ ನಮ್ಮೂರಿನ ಸಣ್ಣ ತಯಾರಕರ ಮುಕ್ಕಾಲು ಪಾಲು ದುಡ್ಡು ಹಾಳಾಗುವುದು ಇಲ್ಲೇ.

2013ರಲ್ಲಿ ಮಲೆನಾಡಿನ ಒಂದು ಕುಟುಂಬದವರು ಮಾಡಿದ ಅಪ್ಪೆಮಿಡಿ ತರಿಸಿದೆ. ಬಾಯಿಗಿಟ್ಟರೆ ಅಜ್ಜಿಯ ಭರಣಿ ನೆನಪಾಗುವಂಥ ರುಚಿ. ಬಾಟಲಿಯ ಮೇಲೆ ಪ್ಯಾಕ್ ಮಾಡಿದ ತಿಂಗಳು ಹಾಕಿ, "ಅಲ್ಲಿಂದ ಹನ್ನೆರಡು ತಿಂಗಳೊಳಗೆ ಬಳಸಿ" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಊರಲ್ಲಿ ಆಗ ಅದೇ ವಾಡಿಕೆ. ಗಲ್ಫಿನಲ್ಲಿ ತಯಾರಾದ ದಿನ, ಮುಗಿಯುವ ದಿನ, ಎರಡನ್ನೂ ಬಿಡಿಸಿ ಅಚ್ಚು ಹಾಕಬೇಕು. ಅದೂ ತಯಾರಕನೇ ಹಾಕಿರಬೇಕು. ಅರಬ್ಬಿ ವಿವರಗಳಿಗೆ ಸ್ಟಿಕ್ಕರ್ ನಡೆಯುತ್ತದೆ, ತಾರೀಕಿಗೆ ಸ್ಟಿಕ್ಕರ್ ನಡೆಯುವುದಿಲ್ಲ. ಯೋಚಿಸಿದರೆ ನ್ಯಾಯವೇ. ತಾರೀಕಿಗೂ ಸ್ಟಿಕ್ಕರ್ ಬಿಟ್ಟರೆ ಹಳೇ ಮಾಲಿಗೆ ಹೊಸ ಆಯಸ್ಸು ಕೊಡುವವರಿಗೆ ಬರವೇ? ಆದರೆ ನನ್ನ 300 ಪೆಟ್ಟಿಗೆ ಹೋದದ್ದು ಹೋಯಿತು. ವಾಪಸ್ ಕಳಿಸುವ ಖರ್ಚು ಮಾಲಿಗಿಂತ ಜಾಸ್ತಿ. ನನ್ನ ಎದುರೇ ನಾಶ ಮಾಡಿಸಿದರು. ಆ ತಯಾರಕರಿಗೆ ಫೋನ್ ಮಾಡಿ ಹೇಳಬೇಕಲ್ಲ, ಅದು ಅದಕ್ಕಿಂತ ಕಷ್ಟದ ಕೆಲಸ. ಮನೆಯ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಿಡಿ ಕೊಯ್ಯುವ ಕಾಲ ಮುಗಿದಿದೆ ಮಾರಾಯ್ರೆ, ಇನ್ನು ಬರುವ ವರ್ಷವೇ" ಎಂದರು. ಅಷ್ಟೇ.

ಇನ್ನೊಂದು ಸೂಕ್ಷ್ಮ. ಉಪ್ಪಿನಕಾಯಿಗೆ ಇಂಗು ಹಾಕುತ್ತೀರಿ. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಗೋಧಿ ಒಗ್ಗದವರು ಇರುತ್ತಾರೆ, ಹಾಗಾಗಿ ಲೇಬಲ್ಲಿನಲ್ಲಿ ಅದನ್ನೂ ಹೇಳಬೇಕು. "ಉಪ್ಪಿನಕಾಯಿಯಲ್ಲಿ ಗೋಧಿ ಎಲ್ಲಿಂದ ಬಂತು?" ಎಂದು ನಮ್ಮವರು ನಗುತ್ತಾರೆ. ಲ್ಯಾಬಿನವರು ನಗುವುದಿಲ್ಲ.

ಆರೂ ದೇಶಗಳಿಗೆ ಸೇರಿ ಗಲ್ಫ್ ಮಾನದಂಡಗಳ ಸಂಸ್ಥೆ ಒಂದಿದೆ, ಜಿಎಸ್‌ಒ ಎನ್ನುತ್ತಾರೆ. ಪುಸ್ತಕದಲ್ಲಿ ನಿಯಮ ಹೆಚ್ಚುಕಡಿಮೆ ಒಂದೇ. ಆದರೆ ನೋಂದಣಿ ಮಾತ್ರ ಅವರವರ ಮನೆಯದ್ದು. ದುಬೈಯಲ್ಲಿ ಮುನ್ಸಿಪಾಲಿಟಿಗೆ ಲೇಬಲ್ ತೋರಿಸಬೇಕು. ಸೌದಿಯಲ್ಲಿ ಆಹಾರ ಮತ್ತು ಔಷಧ ಪ್ರಾಧಿಕಾರ ಬೇರೆ. ಅಲ್ಲಿ ನೋಂದಣಿ ಮಾಡಿಸಬೇಕಾದವನು ಅಲ್ಲಿನ ಆಮದುದಾರ, ನಾನಲ್ಲ. ನನ್ನ ಶಾರ್ಜಾ ಲೈಸೆನ್ಸು ಅಲ್ಲಿ ಬರೀ ಕಾಗದ. ಅಂದರೆ ಪ್ರತಿ ದೇಶದಲ್ಲೂ ನಂಬಿಕಸ್ಥ ವ್ಯಾಪಾರಿಯೊಬ್ಬ ಬೇಕು. ಅಂಥವನನ್ನು ಹುಡುಕಲು ನನಗೆ ದಮ್ಮಾಮ್‌ನಲ್ಲಿ ನಾಲ್ಕು ವರ್ಷ ಹಿಡಿಯಿತು.

ತೆರಿಗೆಯ ವಿಷಯ ಬೇಗ ಮುಗಿಸುತ್ತೇನೆ, ಇಲ್ಲದಿದ್ದರೆ ನಿಮಗೆ ನಿದ್ದೆ ಬರುತ್ತದೆ. 2018ರ ಜನವರಿಯಲ್ಲಿ ಯುಎಇ, ಸೌದಿ ಎರಡೂ 5 ಪರ್ಸೆಂಟ್ ವ್ಯಾಟ್ ತಂದವು. ಮರುವರ್ಷ ಬಹರೈನ್, 2021ರ ಏಪ್ರಿಲ್‌ನಲ್ಲಿ ಒಮಾನ್. ಕುವೈತ್, ಕತಾರ್‌ಗಳಲ್ಲಿ ವ್ಯಾಟ್ ಬಂದಿಲ್ಲ. ಸೌದಿ 2020ರ ಜುಲೈನಲ್ಲಿ 5 ಇದ್ದದ್ದನ್ನು ಒಂದೇ ಏಟಿಗೆ 15 ಮಾಡಿತು. ಬಹರೈನ್ 2022ರಲ್ಲಿ 10 ಮಾಡಿತು. ನನ್ನ ದಮ್ಮಾಮ್ ಗಿರಾಕಿ ಸೌದಿ ವ್ಯಾಟ್ ಏರಿಸುವವರೆಗೆ ಪೂರ್ತಿ ಲೋಡು ತೆಗೆದುಕೊಳ್ಳುತ್ತಿದ್ದ. ಜುಲೈ ಆದ ಮೇಲೆ ಅರ್ಧ ಲೋಡು. ಒಂದು ಲಕ್ಷ ರಿಯಾಲಿನ ಮಾಲು ಬಂದರೆ ಗಡಿಯಲ್ಲೇ ಹದಿನೈದು ಸಾವಿರ ಎಣಿಸಬೇಕು. ಆಮೇಲೆ ಲೆಕ್ಕದಲ್ಲಿ ಸಿಗುತ್ತದೆ, ನಿಜ. ಆದರೆ ಉದ್ರಿ ಮೇಲೆ ಬದುಕುವ ಸಣ್ಣ ಅಂಗಡಿಯವನಿಗೆ "ಆಮೇಲೆ" ಎನ್ನುವುದು ಬಹಳ ದೂರದ ಊರು.

ನಾಣ್ಯದ ಬಗ್ಗೆ ಒಂದು ತಮಾಷೆ. ಆರಕ್ಕೂ ಒಂದೇ ನೋಟು ತರುವ ಮಾತು 2010ರ ಹೊತ್ತಿಗೆ ನಿಜವಾಗಬೇಕಿತ್ತು. ಒಮಾನ್ 2006ರಲ್ಲೇ ಬೇಡ ಎಂದಿತು. ಕೇಂದ್ರ ಬ್ಯಾಂಕ್ ರಿಯಾದ್‌ನಲ್ಲಿ ಎಂದು ತೀರ್ಮಾನವಾದ ಮೇಲೆ 2009ರಲ್ಲಿ ಯುಎಇಯೂ ಹೊರಗೆ ಬಂತು. ಆದರೂ ಕುವೈತ್ ಬಿಟ್ಟು ಐದೂ ನಾಣ್ಯಗಳು ಡಾಲರಿಗೆ ಕಟ್ಟಿಹಾಕಿಕೊಂಡಿವೆ. ಹಾಗಾಗಿ ನೂರು ಸೌದಿ ರಿಯಾಲ್ ಎಂದರೆ ಇವತ್ತೂ 98 ದಿರ್ಹಮ್, ಹತ್ತು ವರ್ಷದ ಹಿಂದೆಯೂ 98. ರೂಪಾಯಿಯ ಏರಿಳಿತ ನೋಡಿ ಬೆಳೆದ ನಮಗೆ ಇದು ಸ್ವರ್ಗ. ಕಷ್ಟ ಇರುವುದು ಚಿಲ್ಲರೆಯಲ್ಲಿ. ಯುಎಇ, ಸೌದಿ, ಕತಾರ್‌ಗಳಲ್ಲಿ ಒಂದಕ್ಕೆ ನೂರು. ಒಮಾನ್, ಬಹರೈನ್, ಕುವೈತ್‌ಗಳಲ್ಲಿ ಒಂದಕ್ಕೆ ಸಾವಿರ. ನಮ್ಮ ಲೆಕ್ಕದ ಹುಡುಗ ಹಳೇ ಸಾಫ್ಟ್‌ವೇರಿನಲ್ಲಿ ಮಸ್ಕತ್ ಬಿಲ್ ಮಾಡಿದ. ಹಪ್ಪಳದ ಪ್ಯಾಕೆಟಿಗೆ 0.385 ರಿಯಾಲ್. ಸಾಫ್ಟ್‌ವೇರಿಗೆ ಎರಡೇ ಸ್ಥಾನ ಗೊತ್ತು, ಅದು 0.39 ಮಾಡಿತು. ಒಂದು ಒಮಾನಿ ರಿಯಾಲಿಗೆ ಸಾವಿರ ಬೈಸಾ; ಐದು ಬೈಸಾ ಏನು ಮಹಾ? 4,800 ಪ್ಯಾಕೆಟಿಗೆ 24 ರಿಯಾಲ್, ಅಂದರೆ ಇನ್ನೂರ ಇಪ್ಪತ್ತೊಂಬತ್ತು ದಿರ್ಹಮ್. ಗಿರಾಕಿ ಫೋನ್ ಮಾಡಿ, "ಅಣ್ಣಾ, ನಿಮ್ಮ ಹತ್ತಿರವೂ ಹೀಗಾ?" ಎಂದ. ದುಡ್ಡು ಹಿಂದಕ್ಕೆ ಕೊಟ್ಟೆ. ಆ ಪ್ರಶ್ನೆ ಮಾತ್ರ ಇನ್ನೂ ಕಿವಿಯಲ್ಲಿದೆ.

ರಜೆಯೂ ಹಾಗೆಯೇ. 2022ರ ಜನವರಿಯಿಂದ ಯುಎಇಯಲ್ಲಿ ಶನಿವಾರ, ಭಾನುವಾರ ರಜೆ. ಉಳಿದವರಿಗೆ ಶುಕ್ರ, ಶನಿ. ಯುಎಇಯ ಕೇಂದ್ರ ಸರಕಾರದ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ, ನಮ್ಮ ಶಾರ್ಜಾ ಸರಕಾರದ ಕಚೇರಿಗಳಿಗೆ ಪೂರ್ತಿ ರಜೆ. ಎರಡೂ ಕಡೆಯ ಆಫೀಸು ಪೂರ್ತಿ ತೆರೆದಿರುವುದು ಸೋಮವಾರದಿಂದ ಗುರುವಾರದವರೆಗೆ ನಾಲ್ಕೇ ದಿನ.

ಈಗ ದೋಹಾದ ಕಥೆ. ಅಲ್ಲಿ ನನ್ನ ಗಿರಾಕಿ ಕಾಸರಗೋಡಿನವರು, ಕನ್ನಡ ನಮ್ಮಷ್ಟೇ ಚೆನ್ನಾಗಿ ಮಾತಾಡುವವರು. ನಾಲ್ಕು ಅಂಗಡಿ. ತಿಂಗಳಿಗೆ ಒಂದು ಟ್ರೇಲರ್ ಖಾಯಂ. ಕತಾರ್‌ಗೆ ನೆಲದ ಗಡಿ ಇರುವುದು ಸೌದಿಯ ಜೊತೆ ಮಾತ್ರ. ಹಾಗಾಗಿ ಲಾರಿ ಇಲ್ಲಿಂದ ಘುವೈಫಾತ್ ದಾಟಿ ಸೌದಿಯ ಬತ್‌ಹಾಕ್ಕೆ, ಅಲ್ಲಿಂದ ಸಲ್ವಾ ದಾಟಿ ಒಳಗೆ. ಹನ್ನೊಂದು ವರ್ಷ ಹೀಗೇ ನಡೆಯಿತು. 2017ರ ಜೂನ್ 5, ರಂಜಾನ್ ತಿಂಗಳು. ಬೆಳಿಗ್ಗೆ ಎದ್ದು ನೋಡಿದರೆ ಸೌದಿ, ಯುಎಇ, ಬಹರೈನ್ ಮೂರೂ ಕತಾರ್ ಜೊತೆ ಸಂಬಂಧ ಕಡಿದುಕೊಂಡಿವೆ, ಈಜಿಪ್ಟ್ ಕೂಡ. ಸಲ್ವಾ ಗಡಿ ಮುಚ್ಚಿತು. ನನ್ನ ಲೋಡು ಗೋಡೌನಿನಲ್ಲಿ ಕಟ್ಟಿ ತಯಾರಾಗಿ ನಿಂತಿತ್ತು. ಹೊರಟಿರಲಿಲ್ಲ, ಅದೊಂದು ಪುಣ್ಯ.

ಎರಡು ವಾರದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು. ಆದರೆ ಕತಾರಿನವರು ಕೈಕಟ್ಟಿ ಕೂರಲಿಲ್ಲ. ಹಾಲಿಗಾಗಿ ವಿಮಾನದಲ್ಲಿ ಹಸುಗಳನ್ನೇ ತರಿಸಿಕೊಂಡರು. ಒಮಾನಿನ ಸೊಹಾರ್, ಸಲಾಲಾ ಬಂದರುಗಳ ಮೂಲಕ ಮಾಲು ಹೋಗತೊಡಗಿತು. ಭಾರತದಿಂದ ನೇರವಾಗಿ ಅವರ ಹಮದ್ ಬಂದರಿಗೆ ಹಡಗು ಶುರುವಾಯಿತು. ನನ್ನ ಗಿರಾಕಿ ಆರು ತಿಂಗಳು ಕಾದರು. ಆಮೇಲೆ ಒಂದು ದಿನ ಫೋನ್ ಮಾಡಿ, "ಭಾಯಿ, ತಪ್ಪು ತಿಳಿಯಬೇಡಿ, ನಾವೇ ಊರಿಂದ ನೇರ ತರಿಸುತ್ತೇವೆ" ಎಂದರು. ತಪ್ಪು ತಿಳಿಯುವುದೇನು? ನಾನಾಗಿದ್ದರೆ ಎರಡನೇ ತಿಂಗಳಿಗೇ ಹಾಗೆ ಮಾಡುತ್ತಿದ್ದೆ. 2021ರ ಜನವರಿ 5ರಂದು ಸೌದಿಯ ಅಲ್ ಉಲಾದಲ್ಲಿ ಎಲ್ಲರೂ ಕೈಕುಲುಕಿದರು, ಗಡಿ ತೆರೆಯಿತು. ಗಿರಾಕಿ ಮಾತ್ರ ತಿರುಗಿ ಬರಲಿಲ್ಲ. ನಡುವಿನವನು ಇಲ್ಲದೆಯೂ ನಡೆಯುತ್ತದೆ ಎಂದು ಅವರಿಗೆ ಮೂರೂವರೆ ವರ್ಷದಲ್ಲಿ ಗೊತ್ತಾಗಿತ್ತು. ಈಗಲೂ ಹಬ್ಬಕ್ಕೆ ಪರಸ್ಪರ ಮೆಸೇಜು ಕಳಿಸುತ್ತೇವೆ.

ಫ್ರೀಝೋನ್, ಅಂದರೆ ಹೊರದೇಶದ ವ್ಯಾಪಾರಿಗಳಿಗೆ ವಿಶೇಷ ಸವಲತ್ತು ಕೊಡುವ ವಲಯದ ಬಗ್ಗೆಯೂ ನಿಮ್ಮ ಬರಹದಲ್ಲಿ ದೊಡ್ಡದಾಗಿ ಇತ್ತು. ನೂರಕ್ಕೆ ನೂರು ಮಾಲೀಕತ್ವ, ಕಡಿಮೆ ಕಿರಿಕಿರಿ ಎಂದೆಲ್ಲ. ಅದು ನಿಜ. ಹೊರದೇಶಗಳಿಗೆ ಮರುರಫ್ತು ಮಾಡುವವರಿಗೆ ಒಳ್ಳೆಯದೇ. ಆದರೆ ಜಿಸಿಸಿ ಒಳಗೆ ಮಾರಬೇಕು ಎಂದಿರುವವರು ತಿಳಿದಿರಲಿ: ಸುಂಕದ ಲೆಕ್ಕದಲ್ಲಿ ಫ್ರೀಝೋನ್ ಎಂದರೆ ಗಡಿಯ ಆಚೆ ಇದ್ದ ಹಾಗೆ. 2021ರ ಜುಲೈನಲ್ಲಿ ಸೌದಿ ಇದನ್ನು ಖಡಾಖಂಡಿತವಾಗಿ ಹೇಳಿತು. ಫ್ರೀಝೋನಿನಲ್ಲಿ ತಯಾರಾದ ಮಾಲನ್ನು ಸ್ಥಳೀಯ ಮಾಲು ಎಂದು ಒಪ್ಪುವುದಿಲ್ಲ ಎಂದು. ಫ್ರೀಝೋನಿನಲ್ಲಿ ಮಸಾಲೆ ಪುಡಿ ಮಾಡಿ ಪ್ಯಾಕ್ ಮಾಡುವ ನನ್ನ ಸ್ನೇಹಿತರೊಬ್ಬರು ಯಂತ್ರ ಹಾಕಿಸಿ ಒಂದು ವರ್ಷವೂ ಆಗಿರಲಿಲ್ಲ.

ನಮ್ಮ ದೇಶದ ಒಪ್ಪಂದದ ಬಗ್ಗೆಯೂ ಇದೇ ಮಾತು. ಭಾರತ ಮತ್ತು ಯುಎಇ ನಡುವಿನ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಅದರಿಂದ ಸುಂಕದ ಖರ್ಚು ಉಳಿತಾಯವಾಗುವ ಮಾಲು ಎಷ್ಟೋ ಇದೆ. ಆದರೆ ಆ ವಿನಾಯಿತಿ ಯುಎಇ ಕೊಟ್ಟದ್ದು, ಸೌದಿ ಕೊಟ್ಟದ್ದಲ್ಲ. ಅದೇ ಪೆಟ್ಟಿಗೆ ಸೌದಿಗೆ ಹೊರಟರೆ ಅಲ್ಲಿಯ ಸುಂಕ ಕಾದಿರುತ್ತದೆ. ಒಮಾನ್ ಜೊತೆ 2025ರ ಡಿಸೆಂಬರ್‌ನಲ್ಲಿ ಸಹಿ ಬಿತ್ತು. ಆರರ ಜೊತೆ ಒಟ್ಟಿಗೆ ಒಪ್ಪಂದದ ಮಾತು 2004ರಿಂದ ಇದೆ. 2006, 2008ರಲ್ಲಿ ಎರಡು ಸುತ್ತು ಮಾತಾಗಿ ನಿಂತುಹೋಗಿತ್ತು, 2022ರಲ್ಲಿ ಮತ್ತೆ ಶುರು ಮಾಡುವುದಾಗಿ ಹೇಳಿದರು. ಅದರ ಸುದ್ದಿ ಬಂದಾಗಲೆಲ್ಲ ಎಣ್ಣೆ, ಚಿನ್ನ, ಆಭರಣ ಎಂದು ಓದುತ್ತೇನೆ. ಹಪ್ಪಳದವರ ಪರವಾಗಿ ನನ್ನದು ಒಂದೇ ಕೋರಿಕೆ. ಊರಿನ ಮಾನ್ಯತೆ ಪಡೆದ ಲ್ಯಾಬಿನ ವರದಿಯನ್ನು ಆರೂ ಕಡೆ ಒಪ್ಪಲಿ, ಒಂದು ಕಡೆ ನೋಂದಾಯಿಸಿದ ಲೇಬಲ್ ಆರೂ ಕಡೆ ನಡೆಯಲಿ. ಸುಂಕ 5 ಇರಲಿ, ಕಟ್ಟುತ್ತೇವೆ. 5 ಪರ್ಸೆಂಟಿಗೆ ನಮ್ಮಂಥವರು ಯಾರೂ ಮುಳುಗಿಲ್ಲ. ಮುಳುಗಿದ್ದೆಲ್ಲ ಕಾಗದದಲ್ಲಿ.

ಇನ್ನು ಓಡಾಟ. ನನ್ನ ಗೋಡೌನಿನ ಪಕ್ಕದವರು ಇಲ್ಲಿಯವರೇ, ಅರಬ್ಬಿ ಮಹನೀಯರು. ಮನಸ್ಸಾದರೆ ಗುರುತಿನ ಚೀಟಿ ಜೇಬಿಗಿಟ್ಟುಕೊಂಡು ಮಸ್ಕತ್‌ಗೆ ಊಟಕ್ಕೆ ಹೋಗಿ ಬರುತ್ತಾರೆ. 2008ರಿಂದ ಆರೂ ದೇಶಗಳ ಪ್ರಜೆಗಳಿಗೆ ಎಲ್ಲಿ ಬೇಕಾದರೂ ಕೆಲಸ, ಅಂಗಡಿ, ಆಸ್ತಿ ಮಾಡಿಕೊಳ್ಳುವ ಸವಲತ್ತಿದೆ. ಅದು ಪ್ರಜೆಗಳಿಗೆ. ಮೂವತ್ತು ವರ್ಷ ಇಲ್ಲೇ ಇದ್ದರೂ ನಾನು ಪ್ರಜೆ ಅಲ್ಲ, ಪ್ರತಿ ಗಡಿಗೂ ವೀಸಾ ಬೇಕು. ಆರಕ್ಕೂ ಸೇರಿ ಒಂದೇ ವೀಸಾ ಕೊಡುವ ಯೋಜನೆಗೆ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಪ್ರವಾಸಿಗರಿಗೆ, ಬಾಕಿ ವಸೂಲಿಗೆ ಹೋಗುವವನಿಗಲ್ಲ. ನಾನು ಇದನ್ನು ದೂರು ಎಂದು ಬರೆಯುತ್ತಿಲ್ಲ. ಅವರ ಮನೆ, ಅವರ ನಿಯಮ. ಈ ಮನೆಯೇ ನನ್ನ ಇಬ್ಬರು ಮಕ್ಕಳನ್ನು ಓದಿಸಿದೆ. ಆದರೆ "ಒಂದೇ ಮಾರುಕಟ್ಟೆ" ಎಂದು ಬರೆಯುವಾಗ ಯಾರಿಗೆ ಒಂದೇ ಎಂದು ಒಂದು ಸಾಲು ಸೇರಿಸಿದರೆ ಊರಿನ ಹುಡುಗರಿಗೆ ಉಪಕಾರವಾಗುತ್ತದೆ.

ಅಕ್ಕನ ಮಗನಿಗೆ ಬರಬೇಡ ಎಂದು ನಾನು ಹೇಳಲಿಲ್ಲ. ಮೊದಲು ಒಂದೇ ದೇಶ ಹಿಡಿ ಎಂದೆ. ಆ ದೇಶದ ಅಂಗಡಿಯವನೊಬ್ಬನನ್ನು ಹಿಡಿ. ಅವನು ಕೇಳಿದ ಲೇಬಲ್ ಅಚ್ಚು ಹಾಕಿಸು, ಆಮೇಲೆ ಬಾಟಲಿಗೆ ಮಿಡಿ ತುಂಬು. ಲೈಸೆನ್ಸು ಎಲ್ಲಕ್ಕಿಂತ ಕೊನೆಗೆ. ನಿಮ್ಮ ಬರಹದಲ್ಲಿ ಇದು ಸರಿಯಾಗಿ ತಲೆಕೆಳಗಾಗಿತ್ತು. ನಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ, ಅಚ್ಚಿಗೆ ಹೋಗುವ ಮುಂಚೆ ಲೇಬಲ್ ನೋಡಿ ತಪ್ಪು ತೋರಿಸುವ ಒಂದು ಮೇಜು ಇದ್ದಿದ್ದರೆ ನನ್ನ ಆ 300 ಪೆಟ್ಟಿಗೆ ಉಳಿಯುತ್ತಿತ್ತು. ಹಪ್ಪಳ ಮಾಡುವ ಸ್ತ್ರೀಶಕ್ತಿ ಸಂಘಗಳವರು ನನಗೆ ವಾಟ್ಸಾಪ್ ಮಾಡಿ ಕೇಳುತ್ತಾರೆ. ನಾನೊಬ್ಬ ಎಷ್ಟು ನೋಡಲಿ?

ನಿನ್ನೆ ರಾತ್ರಿ ಹುಡುಗ ಲೇಬಲ್ಲಿನ ನಕ್ಷೆ ಕಳಿಸಿದ್ದಾನೆ. ಅರಬ್ಬಿಗೆ ಜಾಗ ಬಿಟ್ಟಿದ್ದಾನೆ. ಎರಡೂ ತಾರೀಕಿಗೆ ಚೌಕ ಹಾಕಿದ್ದಾನೆ. ಇಂಗಿನಲ್ಲಿ ಗೋಧಿ ಇದೆ ಎಂದು ಬರೆದಿದ್ದಾನೆ. ನಿವ್ವಳ ತೂಕ ಮರೆತಿದ್ದಾನೆ.

ಇಂತು,
ನಿಮ್ಮ ಓದುಗ
ಶಾರ್ಜಾ (ಊರು: ಬೈಂದೂರು ತಾಲೂಕು)